‘ಇತರೆ’ ಎಂಬ ಖಾನೆ ಬೇಡ



ಕಳೆದ ದಸರಾ ರಜೆಯಲ್ಲಿ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗನೂ ನಾನೂ ಸೇರಿ ಮನೆಗೆ ಬರುವ ಟಪಾಲನ್ನು ಜೋಡಿಸಿಡಲು ಮರದ ಗೂಡೊಂದನ್ನು ಮಾಡಿದೆವು. ಐದು ಖಾನೆಗಳ ಪುಟ್ಟ ಗೂಡು. ಈಗ ಅದು ನಮ್ಮ ಜಗಲಿಯಲ್ಲಿ, ಹೆಬ್ಬಾಗಿಲಿನ ಪಕ್ಕದ ಕಟ್ಟೆಯ ಮೇಲೆ ಕುಳಿತಿದೆ. ನನ್ನ ಶ್ರೀಮತಿ ಅದನ್ನು ನೋಡಿದವಳೇ, “ಧೂಳು ಕೂರುವುದಕ್ಕೆ ಇನ್ನೊಂದು ಜಾಗವಾಯಿತು” ಎಂದಳು. ಮೊಮ್ಮಗ ಕೆಲಸವನ್ನೆಲ್ಲ ಸಂತೋಷದಿಂದ ಮಾಡಿ ಮುಗಿಸಿದ ಮೇಲೆ, “ಅಜ್ಜ, ಈಗ ಕಾಗದ ಯಾರು ಬರೆಯುತ್ತಾರೆ? ಬಂದದ್ದನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಸಾಲದೇ?” ಎಂದು ಕೇಳಿದ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ಆದರೂ ಪ್ರತಿಯೊಂದು ಮನೆಯಲ್ಲಿ, ಪ್ರತಿಯೊಂದು ಸಣ್ಣ ಕಚೇರಿಯಲ್ಲಿ ಇಂತಹ ಗೂಡೊಂದು ಇರಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಅಭಿಪ್ರಾಯ ನನಗೆ ಪುಸ್ತಕದಿಂದ ಬಂದದ್ದಲ್ಲ. ಅದರ ಹಿಂದೆ ನಾನು ಮಾಡಿದ ಒಂದು ತಪ್ಪಿದೆ. ಅದನ್ನೂ ಇಂದು ಹೇಳಿಬಿಡಬೇಕೆಂದು ಕುಳಿತಿದ್ದೇನೆ.

ನಮ್ಮ ಬಾಲ್ಯದ ಮನೆಗಳಲ್ಲಿ ಕಾಗದಗಳಿಗೆ ಮೂರು ಜಾಗಗಳಿದ್ದವು. ಮೊದಲನೆಯದು ಗೋಡೆಗೆ ನೇತುಹಾಕಿದ ಕೊಕ್ಕೆಯ ತಂತಿ. ಓದಿಯಾದ ಕಾರ್ಡು, ಇನ್‌ಲ್ಯಾಂಡ್ ಲೆಟರುಗಳನ್ನು ನಟ್ಟನಡುವೆ ಚುಚ್ಚಿ ಅದಕ್ಕೆ ಪೋಣಿಸುತ್ತಿದ್ದರು. ಎರಡನೆಯದು ದೇವರ ಪಟದ ಹಿಂಭಾಗ. ಲಗ್ನಪತ್ರಿಕೆ, ಜಾತಕ, ಮಠದಿಂದ ಬಂದ ಆಮಂತ್ರಣಗಳಿಗೆ ಅಲ್ಲಿ ಸ್ಥಾನ. ಮೂರನೆಯದು ಜಂತಿಯ ಸಂದಿ. ಸಾಲದ ಚೀಟಿ, ಕಂದಾಯದ ರಸೀದಿಗಳು ಅಲ್ಲಿ ಹೊಗೆ ಹಿಡಿದು ಕಂದುಬಣ್ಣಕ್ಕೆ ತಿರುಗುತ್ತಿದ್ದವು. ಈ ವ್ಯವಸ್ಥೆಯನ್ನು ನೆನೆದು ನಗುವವರಿದ್ದಾರೆ. ನಾನು ನಗುವುದಿಲ್ಲ. ತಂತಿಗೆ ಚುಚ್ಚಿದ ಕಾಗದವೆಂದರೆ ಓದಿ ಉತ್ತರ ಬರೆದಾಗಿದೆ ಎಂದೇ ಅರ್ಥ. ಉತ್ತರ ಬರೆಯದ ಕಾಗದ ಅಪ್ಪನ ಅಂಗಿಯ ಜೇಬಿನಲ್ಲಿರುತ್ತಿತ್ತು. ಅಂದರೆ ಒಂದು ಕಾಗದದ ಕೆಲಸ ಮುಗಿಯಿತೋ ಇಲ್ಲವೋ ಎಂಬುದು ಅದು ಇರುವ ಜಾಗದಿಂದಲೇ ತಿಳಿಯುತ್ತಿತ್ತು. ನಾನು ಈ ಲೇಖನದಲ್ಲಿ ಹೇಳಬೇಕಾದ ತತ್ತ್ವವೂ ಇಷ್ಟೇ.

ಅಂಚೆ ಇಲಾಖೆಯೂ ನಿಂತಿರುವುದು ಈ ತತ್ತ್ವದ ಮೇಲೆಯೇ. ಹುಡುಗನಾಗಿದ್ದಾಗ ನಮ್ಮ ಸಾಗರದ ಅಂಚೆ ಕಚೇರಿಯ ಕಿಟಕಿಯಲ್ಲಿ ಇಣುಕಿ, ಒಳಗೆ ಗೋಡೆಗೆ ಆನಿಸಿಟ್ಟ ಮರದ ಗೂಡುಗಳ ಸಾಲನ್ನು ಬೆರಗಿನಿಂದ ನೋಡುತ್ತಿದ್ದೆ. ಒಂದೊಂದು ಗೂಡಿಗೆ ಒಂದೊಂದು ಊರು. ಅಲ್ಲಿ ಕುಳಿತವರು ವಿಳಾಸದ ಕೊನೆಯ ಸಾಲನ್ನು ಮಾತ್ರ ನೋಡಿ, ಕೈಯಲ್ಲಿದ್ದ ಕಾಗದಗಳನ್ನು ಇಸ್ಪೀಟು ಎಲೆ ಹಂಚುವವರ ಹಾಗೆ ಸರಸರನೆ ಗೂಡುಗಳಿಗೆ ಹಾಕುತ್ತಿದ್ದರು. 1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ಬಂತು. ಅದನ್ನು ರೂಪಿಸಿದವರು ಅಂಚೆ ಇಲಾಖೆಯ ಹಿರಿಯ ಅಧಿಕಾರಿಗಳೂ ಸಂಸ್ಕೃತ ವಿದ್ವಾಂಸರೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್ ಅವರು. ಒಂದೇ ಹೆಸರಿನ ಊರುಗಳು, ಹಲವು ಭಾಷೆ, ಹಲವು ಲಿಪಿಗಳಿರುವ ದೇಶದಲ್ಲಿ ಕಾಗದ ದಾರಿ ತಪ್ಪದಿರಲಿ ಎಂಬುದು ಅದರ ಉದ್ದೇಶ. ನಮ್ಮ ಸಾಗರದ ಸಂಖ್ಯೆ 577401. ಮೊದಲಿನ 5 ಎಂಬುದು ದಕ್ಷಿಣದ ಒಂದು ವಲಯವನ್ನು ಸೂಚಿಸುತ್ತದೆ. 56ರಿಂದ 59ರವರೆಗೆ ಆರಂಭವಾಗುವ ಸಂಖ್ಯೆಗಳು ಕರ್ನಾಟಕದವು. ಮೊದಲ ಮೂರು ಅಂಕಿಗಳು ಕಾಗದವನ್ನು ವಿಂಗಡಿಸುವ ಜಿಲ್ಲೆಯನ್ನೂ ಕೊನೆಯ ಮೂರು ಅಂಕಿಗಳು ಅಂಚೆ ಕಚೇರಿಯನ್ನೂ ಹೇಳುತ್ತವೆ. ದೊಡ್ಡ ಗೂಡಿನೊಳಗೊಂದು ಚಿಕ್ಕ ಗೂಡು, ಅದರೊಳಗೆ ಇನ್ನೂ ಚಿಕ್ಕದೊಂದು ಗೂಡು. ಇಷ್ಟೆಲ್ಲ ಶಿಸ್ತಿನಿಂದ ಸಾವಿರಾರು ಮೈಲಿ ಕ್ರಮಿಸಿ ನಮ್ಮ ಹೊಸ್ತಿಲಿಗೆ ಬಂದ ಕಾಗದ, ಹೊಸ್ತಿಲು ದಾಟಿದ ಮರುಕ್ಷಣ ಟೀವಿಯ ಮೇಲೋ ಫ್ರಿಜ್ಜಿನ ಮೇಲೋ ಬಿದ್ದು ಕಣ್ಮರೆಯಾಗುತ್ತದೆ. ಕಾಗದ ಕಳೆದುಹೋಗುವುದು ದಾರಿಯಲ್ಲಿ ಎಂದು ನಾವು ಭಾವಿಸಿದ್ದೇವೆ. ನನ್ನ ಅನುಭವದಲ್ಲಿ ಅದು ಹೆಚ್ಚಾಗಿ ಕಳೆದುಹೋಗುವುದು ತಲುಪಿದ ಮೇಲೆ.

ಈಗ ಆ ತಪ್ಪಿನ ವಿಷಯಕ್ಕೆ ಬರುತ್ತೇನೆ.

1991ನೆಯ ಇಸವಿ. ನಾನು ಆಗ ಒಂದು ಗ್ರಾಮಾಂತರ ಪ್ರೌಢಶಾಲೆಯಲ್ಲಿ ಸಹಶಿಕ್ಷಕ. ಶಾಲೆಯಲ್ಲಿ ಗುಮಾಸ್ತರ ಹುದ್ದೆ ಖಾಲಿ ಇದ್ದುದರಿಂದ, ಮುಖ್ಯೋಪಾಧ್ಯಾಯರು ಟಪಾಲಿನ ಕೆಲಸವನ್ನು ನನಗೆ ವಹಿಸಿದ್ದರು. ಬಂದ ಕಾಗದಗಳನ್ನು ವಹಿಯಲ್ಲಿ ದಾಖಲಿಸುವುದು, ಆಮೇಲೆ ಮೇಜಿನ ಮೇಲಿದ್ದ ಮೂರು ತಟ್ಟೆಗಳಿಗೆ ಹಂಚುವುದು. ಒಂದು ತಟ್ಟೆಯ ಮೇಲೆ ‘ಇಲಾಖೆ’, ಇನ್ನೊಂದರ ಮೇಲೆ ‘ಪೋಷಕರು’, ಮೂರನೆಯದರ ಮೇಲೆ ‘ಇತರೆ’ ಎಂದು ನಾನೇ ದುಂಡಗಿನ ಅಕ್ಷರದಲ್ಲಿ ಬರೆದು ಅಂಟಿಸಿದ್ದೆ. ಬಿ.ಎಡ್. ಮುಗಿಸಿ ಬಂದು ಆರೇಳು ವರ್ಷಗಳಾಗಿದ್ದವು. ಶಿಸ್ತಿನ ಮನುಷ್ಯನೆಂಬ ಹೆಸರು ನನಗಿತ್ತು. ನನಗೂ ಹಾಗೆಯೇ ಅನ್ನಿಸುತ್ತಿತ್ತು.

ಆ ವರ್ಷ ಎಸ್.ಎಸ್.ಎಲ್.ಸಿ. ಪಾಸಾದ ಹುಡುಗನೊಬ್ಬ ಐ.ಟಿ.ಐ. ಪ್ರವೇಶಕ್ಕೆ ಅರ್ಜಿ ಹಾಕಿದ್ದ. ಅವನ ಮನೆ ಕಾಡಿನ ನಡುವೆ, ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅಂಚೆಯವರು ವಾರಗಟ್ಟಲೆ ಹೋಗಲಾಗದ ಜಾಗದಲ್ಲಿತ್ತು. ಆದ್ದರಿಂದ ‘ಮುಖ್ಯೋಪಾಧ್ಯಾಯರ ಮೂಲಕ’ ಎಂದು ಶಾಲೆಯ ವಿಳಾಸವನ್ನೇ ಕೊಡು ಎಂದು ಸಲಹೆ ಕೊಟ್ಟವನೂ ನಾನೇ. ಜುಲೈ ತಿಂಗಳಿನಲ್ಲಿ ಅವನ ಸಂದರ್ಶನ ಪತ್ರ ಬಂತು. ಅದು ಇಲಾಖೆಯ ಕಾಗದವಲ್ಲ, ಪೋಷಕರದ್ದೂ ಅಲ್ಲ. ಹಾಗಾಗಿ ನನ್ನ ಕೈ ತನ್ನಷ್ಟಕ್ಕೆ ತಾನೇ ಅದನ್ನು ‘ಇತರೆ’ ತಟ್ಟೆಗೆ ಹಾಕಿತು. ಪುಸ್ತಕ ಪ್ರಕಾಶಕರ ಬೆಲೆಪಟ್ಟಿಗಳು, ಜಾತ್ರೆಯ ಕರಪತ್ರಗಳು, ಭಾಷಣ ಸ್ಪರ್ಧೆಯ ಪ್ರಕಟಣೆಗಳ ಜೊತೆಗೆ ಅದೂ ಒಂದಾಯಿತು. ಮರುದಿನ ಇನ್ನೊಂದು ಬೆಲೆಪಟ್ಟಿ ಬಂದು ಅದರ ಮೇಲೆ ಕುಳಿತಿತು.

ಹುಡುಗ ಒಂದು ಸಲ ಶಾಲೆಗೆ ಬಂದು ಕೇಳಿಯೂ ಇದ್ದ. ನೆನೆದಾಗಲೆಲ್ಲ ನನ್ನನ್ನು ಹೆಚ್ಚು ಚುಚ್ಚುವುದು ಇದೇ. ಮಳೆಯಲ್ಲಿ ತೋಯ್ದು, ಕಂಬಳಿ ಕೊಪ್ಪೆಯನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು, “ಸಾರ್, ನಂದೊಂದು ಕಾಗದ ಬರೋದಿತ್ತು” ಎಂದ. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ತಲೆ ಎತ್ತದೆಯೇ, “ಬಂದರೆ ಹೇಳಿ ಕಳಿಸುತ್ತೇನೆ ಹೋಗು” ಎಂದೆ. ಕಾಗದ ಅವನಿಂದ ಮೂರು ಮೊಳ ದೂರದಲ್ಲಿತ್ತು.

ಹನ್ನೊಂದು ದಿನಗಳ ನಂತರ ಯಾವುದೋ ವ್ಯಾಕರಣ ಪುಸ್ತಕದ ಬೆಲೆ ನೋಡಲು ಆ ತಟ್ಟೆಯನ್ನು ಕೆದಕಿದಾಗ ಲಕೋಟೆ ಕೈಗೆ ಸಿಕ್ಕಿತು. ಸಂದರ್ಶನ ಮುಗಿದು ನಾಲ್ಕು ದಿನಗಳಾಗಿದ್ದವು. ಮರುದಿನವೇ ಅವನನ್ನು ಕರೆದುಕೊಂಡು ಬಸ್ಸು ಹತ್ತಿ ಹೋಗಿ ಸಂಸ್ಥೆಯವರನ್ನು ಕಂಡು ಬೇಡಿಕೊಂಡೆ. ಸ್ಥಾನಗಳು ಭರ್ತಿಯಾಗಿದ್ದವು. ಅವರು ನಿಯಮವನ್ನು ತೋರಿಸಿದರು. ಅವರದೇನೂ ತಪ್ಪಿರಲಿಲ್ಲ.

ತಿರುಗಿ ಬಂದಾಗ ಬಸ್ ನಿಲ್ದಾಣದಲ್ಲಿ ಅವನ ತಂದೆ ಕಾಯುತ್ತಿದ್ದರು. “ಕಾಗದ ತಡವಾಗಿ ಬಂತಂತಲ್ಲ ಮೇಷ್ಟ್ರೇ, ಈ ಅಂಚೆಯವನದ್ದು ಯಾವಾಗಲೂ ಇದೇ ಕಥೆ” ಎಂದರು. ಲಕೋಟೆ ನನ್ನ ಚೀಲದಲ್ಲಿತ್ತು. ಅದರ ಹಿಂಬದಿಯಲ್ಲಿ ನಮ್ಮ ಅಂಚೆ ಕಚೇರಿಯ ಮೊಹರು, ದಿನಾಂಕ ಸಮೇತ, ಸ್ಪಷ್ಟವಾಗಿಯೇ ಬಿದ್ದಿತ್ತು. ಅಂಚೆಯವರು ಬಂದ ದಿನವೇ ಅದನ್ನು ತಲುಪಿಸಿದ್ದರು. ನಾನು ಏನೂ ಹೇಳಲಿಲ್ಲ. ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಸುಮ್ಮನಿದ್ದೆ. ಆ ವಾರದ ಸಂತೆಯಲ್ಲಿ ಅವರು ಅಂಚೆಯವರನ್ನು ನಾಲ್ಕು ಜನರೆದುರು ಬೈದರಂತೆ. ಅಂಚೆಯವರು ಮರುದಿನ ಎಂದಿನಂತೆ ಶಾಲೆಗೆ ಬಂದು ಟಪಾಲು ಕೊಟ್ಟರು, ವಹಿಗೆ ನನ್ನ ಸಹಿ ಪಡೆದರು, ಛತ್ರಿ ಬಿಡಿಸಿಕೊಂಡು ಹೊರಟುಹೋದರು. ಅವರಿಗೆ ಎಲ್ಲವೂ ಗೊತ್ತಿತ್ತು. ಒಂದು ಮಾತನ್ನೂ ಆಡಲಿಲ್ಲ. ಅವರು ಈಗ ಇಲ್ಲ.

ಹುಡುಗ ಮರುವರ್ಷ ಅರ್ಜಿ ಹಾಕಲಿಲ್ಲ. ಬೆಂಗಳೂರಿಗೆ ಹೋಗಿ ಹೋಟೆಲ್ ಸೇರಿದ. ಅವನು ಹಾಳಾಗಲಿಲ್ಲ. ದುಡಿದು ಮೇಲೆ ಬಂದ, ತನ್ನದೇ ಸಣ್ಣ ಹೋಟೆಲ್ ಇಟ್ಟುಕೊಂಡ. ಆದರೆ ಅದು ಅವನ ಶ್ರಮದ ಫಲವೇ ಹೊರತು ನನ್ನ ತಪ್ಪಿಗೆ ಸಿಕ್ಕ ಮಾಫಿಯಲ್ಲ. 2019ರಲ್ಲಿ, ನಾನು ನಿವೃತ್ತನಾದ ವರ್ಷವೇ, ಮಗಳ ಲಗ್ನಪತ್ರಿಕೆ ಕೊಡಲು ಅವನು ನಮ್ಮ ಮನೆಗೆ ಬಂದ. ಕಾಫಿ ಕುಡಿದಾದ ಮೇಲೆ ನಾನು ಎಲ್ಲವನ್ನೂ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಪ್ಪ ಅಂಚೆಯವರಿಗೆ ಬೈದದ್ದು ನಂಗೆ ನೆನಪಿದೆ ಸಾರ್. ನಾನೂ ಅಲ್ಲೇ ಇದ್ದೆ” ಎಂದ. ಅಷ್ಟೇ. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮದುವೆಗೆ ಹೋಗಿ ಬಂದೆ.

ಆ ಘಟನೆ ನಡೆದ ವರ್ಷದ ಸೆಪ್ಟೆಂಬರಿನಲ್ಲಿಯೇ ನಾನು ಮೂರು ತಟ್ಟೆಗಳನ್ನೂ ಎತ್ತಿ ಅಟ್ಟಕ್ಕೆ ಹಾಕಿದೆ. ನಮ್ಮ ಶಾಲೆಯ ಕ್ರಾಫ್ಟ್ ಮೇಷ್ಟ್ರ ಸಹಾಯದಿಂದ, ವಿಜ್ಞಾನದ ಉಪಕರಣಗಳು ಬಂದಿದ್ದ ಹಳೆಯ ಮರದ ಪೆಟ್ಟಿಗೆಯ ಹಲಗೆಗಳನ್ನು ಬಿಚ್ಚಿ ಒಂದು ಟಪಾಲು ಗೂಡನ್ನು ಮಾಡಿದೆವು. ಅದರಲ್ಲಿ ‘ಇತರೆ’ ಎಂಬ ಖಾನೆ ಇರಲಿಲ್ಲ. ನಾನು ವರ್ಗವಾಗಿ ಹೋಗುವವರೆಗೂ ಅದು ಅಲ್ಲೇ ಇತ್ತು. ಈಗ ಮನೆಯಲ್ಲಿ ಮಾಡಿರುವುದರಲ್ಲಿಯೂ ಆ ಖಾನೆ ಇಲ್ಲ.

‘ಇತರೆ’ ಎಂಬುದು ವಿಂಗಡಣೆಯಲ್ಲ, ಯೋಚನೆಯನ್ನು ಮುಂದೂಡುವ ಉಪಾಯ. ಕೈಯಲ್ಲಿರುವ ವಸ್ತು ಏನು, ಯಾರದ್ದು, ಅದರಿಂದ ನಾನೇನು ಮಾಡಬೇಕು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲು ಬೇಸರವಾದಾಗ ನಾವು ‘ಇತರೆ’ ಎನ್ನುತ್ತೇವೆ. ಕಡತಗಳಲ್ಲಿ ಮಾತ್ರವಲ್ಲ, ತರಗತಿಯಲ್ಲಿಯೂ ನಾನು ಎಷ್ಟೋ ಮಕ್ಕಳನ್ನು ಹೀಗೆ ‘ಇತರೆ’ ತಟ್ಟೆಗೆ ಹಾಕಿರಬಹುದು. ಜಾಣರಲ್ಲ, ದಡ್ಡರಲ್ಲ, ತುಂಟರೂ ಅಲ್ಲ, ಹೆಸರು ನೆನಪಾಗದವರು. ನೀವು ಅಂಥವರಲ್ಲಿ ಒಬ್ಬರಾಗಿದ್ದು ಈಗ ಇದನ್ನು ಓದುತ್ತಿದ್ದರೆ, ನನ್ನ ಈ ಮಾತು ನಿಮಗೂ ಸಲ್ಲುತ್ತದೆ.

ಮೊಮ್ಮಗನ ಪ್ರಶ್ನೆಗೆ ಬರೋಣ. ಕಾಗದ ಈಗ ಯಾರು ಬರೆಯುತ್ತಾರೆ? ಯೋಗಕ್ಷೇಮದ ಕಾಗದ ಯಾರೂ ಬರೆಯುವುದಿಲ್ಲ, ನಿಜ. 2013ರ ಜುಲೈಯಲ್ಲಿ ತಂತಿ ಸೇವೆ ನಿಂತಿತು. 2025ರಲ್ಲಿ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟಿನೊಂದಿಗೆ ವಿಲೀನಗೊಳಿಸಿದರು. ಆದರೆ ಇಂದು ಬರುವ ಕಾಗದಗಳು ಹಿಂದಿನವುಗಳಿಗಿಂತ ಕಡಿಮೆಯಾದರೂ ಹೆಚ್ಚು ತೂಕದವು. ಪಾಸ್‌ಪೋರ್ಟು, ಪ್ಯಾನ್ ಕಾರ್ಡು, ಎ.ಟಿ.ಎಂ. ಕಾರ್ಡು, ವಿಮೆಯ ಪಾಲಿಸಿ, ಬ್ಯಾಂಕಿನ ಎಚ್ಚರಿಕೆ ಪತ್ರ, ನ್ಯಾಯಾಲಯದ ನೋಟಿಸು ಇವೆಲ್ಲ ಇಂದಿಗೂ ಬಾಗಿಲಿಗೇ ಬರುತ್ತವೆ. ಹಿಂದೆ ಹತ್ತು ಕಾಗದಗಳಲ್ಲಿ ಒಂಬತ್ತು ‘ಇತ್ತ ಕ್ಷೇಮ’ ಎನ್ನುತ್ತಿದ್ದವು. ಈಗ ಬರುವ ಒಂದೇ ಒಂದು ಕಾಗದವೂ ಒಂದು ಗಡುವನ್ನು ಹೊತ್ತು ತರುತ್ತದೆ.

ಗಡುವಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮನೆಯಲ್ಲಿ ಯಾರೂ ಸಿಗದೆ ಅಂಚೆಯವರು ಚೀಟಿ ಇಟ್ಟು ಹೋದರೆ, ಸ್ಪೀಡ್ ಪೋಸ್ಟ್ ಲಕೋಟೆ ಸಾಮಾನ್ಯವಾಗಿ ಏಳು ದಿನ ಅಂಚೆ ಕಚೇರಿಯಲ್ಲಿ ಕಾಯುತ್ತದೆ, ಆಮೇಲೆ ಕಳಿಸಿದವರಿಗೆ ಹಿಂದಿರುಗುತ್ತದೆ. ಜೀವವಿಮೆಯ ಮಾಸಿಕ ಕಂತಿಗೆ 15 ದಿನ, ತ್ರೈಮಾಸಿಕ, ಅರ್ಧವಾರ್ಷಿಕ, ವಾರ್ಷಿಕ ಕಂತುಗಳಿಗೆ 30 ದಿನಗಳ ರಿಯಾಯಿತಿ ಅವಧಿಯುಂಟು. ಅದು ದಾಟಿದರೆ ಪಾಲಿಸಿ ರದ್ದಾಗುವ ಸ್ಥಿತಿಗೆ ಬರುತ್ತದೆ. ಚೆಕ್ಕು ಅಮಾನ್ಯವಾಗಿ ಬಂದ ನೋಟಿಸಾದರೆ, ಕೈಸೇರಿದ 15 ದಿನಗಳೊಳಗೆ ಹಣ ಕೊಡದಿದ್ದಲ್ಲಿ ಎದುರು ಪಕ್ಷದವರಿಗೆ ಮೊಕದ್ದಮೆ ಹೂಡುವ ಹಕ್ಕು ಬರುತ್ತದೆ. “ನಾನು ಓದಲೇ ಇಲ್ಲ ಸ್ವಾಮಿ” ಎಂದರೆ ಯಾರೂ ಕೇಳುವುದಿಲ್ಲ. 1897ರ ಜನರಲ್ ಕ್ಲಾಸಸ್ ಆಕ್ಟಿನ 27ನೆಯ ಸೆಕ್ಷನ್ ಪ್ರಕಾರ, ಸರಿಯಾದ ವಿಳಾಸ ಬರೆದು ಹಣ ತೆತ್ತು ರಿಜಿಸ್ಟರ್ ಮಾಡಿ ಕಳಿಸಿದ ಕಾಗದವು, ಹಾಗಲ್ಲವೆಂದು ಸಾಬೀತಾಗುವವರೆಗೆ, ತಲುಪಿದೆ ಎಂದೇ ಭಾವಿಸಲಾಗುತ್ತದೆ. ಕಾಗದ ನಿಮ್ಮ ಫ್ರಿಜ್ಜಿನ ಮೇಲೆ ಎಷ್ಟು ದಿನ ಮಲಗಿತ್ತು ಎಂಬುದು ಕಾನೂನಿಗೆ ಬೇಕಿಲ್ಲ.

ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯದೇ. ನಾನೂ ತೆಗೆಯುತ್ತೇನೆ. ಆದರೆ ಅದು ನಕಲಾಯಿತೇ ಹೊರತು ನೆನಪಾಗಲಿಲ್ಲ. ಫೋಟೋ ತೆಗೆದ ಕೂಡಲೇ ಕೆಲಸ ಮುಗಿಯಿತೆಂಬ ಭ್ರಮೆ ಹುಟ್ಟುತ್ತದೆ. ಆ ಚಿತ್ರ ಮೊಮ್ಮಕ್ಕಳ ಹುಟ್ಟುಹಬ್ಬದ ಚಿತ್ರಗಳ ಕೆಳಗೆ, ಶುಭೋದಯದ ಹೂವುಗಳ ಕೆಳಗೆ ಹೂತುಹೋಗುತ್ತದೆ. ಅಂದರೆ ಫೋನು ಎಂಬುದು ನಾವು ಕೈಯಲ್ಲಿ ಹಿಡಿದು ಓಡಾಡುವ ಬಹುದೊಡ್ಡ ‘ಇತರೆ’ ತಟ್ಟೆ. ಅಲ್ಲದೆ ಫೋನು ಒಬ್ಬರದ್ದು, ಗೂಡು ಮನೆಯವರೆಲ್ಲರದ್ದು. ಮನೆಯ ಯಜಮಾನರು ಆಸ್ಪತ್ರೆ ಸೇರಿದ ದಿನ, ಬೀಗ ಹಾಕಿದ ಅವರ ಫೋನಿನೊಳಗೆ ಏನಿದೆ ಎಂದು ಮನೆಯವರಿಗೆ ತಿಳಿಯುವುದಿಲ್ಲ. ಜಗಲಿಯ ಗೂಡಿನಲ್ಲಿ ಏನಿದೆ ಎಂಬುದು ಹಾಲು ತರುವ ಹುಡುಗನಿಗೂ ಕಾಣುತ್ತದೆ.

ಇನ್ನು ಗೂಡಿನ ಸ್ವರೂಪ. ಪೇಟೆಯಲ್ಲಿ ಪ್ಲಾಸ್ಟಿಕ್ಕಿನವು, ಕಬ್ಬಿಣದ ಜಾಲರಿಯವು ಸಿಗುತ್ತವೆ. ಅವುಗಳ ಖಾನೆಗಳು ಯಾರದೋ ಅಳತೆಯವು. ನಮಗೆ ಬೇಕಾದ ಅಳತೆಯನ್ನು ಕಾಗದವೇ ಹೇಳುತ್ತದೆ. ಎ4 ಹಾಳೆ 21 ಸೆಂ.ಮೀ. ಅಗಲ, 29.7 ಸೆಂ.ಮೀ. ಉದ್ದ. ಅದನ್ನು ಮೂರಾಗಿ ಮಡಿಸಿದರೆ ಹಿಡಿಸುವ ಉದ್ದ ಲಕೋಟೆ 22 ಸೆಂ.ಮೀ. ಉದ್ದ, 11 ಸೆಂ.ಮೀ. ಅಗಲ. ಅಂಚೆ ಕಾರ್ಡು 14ಕ್ಕೆ 9 ಸೆಂ.ಮೀ. ಹಾಗಾಗಿ ಗೂಡಿನ ಒಳ ಅಗಲ 24 ಸೆಂ.ಮೀ. ಇರಬೇಕು. ಆಗ ಲಕೋಟೆಯನ್ನು ಅಡ್ಡವಾಗಿ ನಿಲ್ಲಿಸಿದರೂ ಬೆರಳಾಡಿಸಲು ಎರಡು ಕಡೆ ಒಂದೊಂದು ಸೆಂ.ಮೀ. ಜಾಗ ಉಳಿಯುತ್ತದೆ.

ಮುಂಭಾಗದ ಹಲಗೆ 10 ಸೆಂ.ಮೀ. ಎತ್ತರ, ಹಿಂಭಾಗದ್ದು 30 ಸೆಂ.ಮೀ. ಇವೆರಡರ ನಡುವೆ 14, 18, 22, 26 ಸೆಂ.ಮೀ. ಎತ್ತರದ ನಾಲ್ಕು ತಡಿಕೆಗಳು. ಶಾಲೆಯ ಗುಂಪು ಛಾಯಾಚಿತ್ರದಲ್ಲಿ ಗಿಡ್ಡ ಮಕ್ಕಳನ್ನು ಮುಂದೆ, ಎತ್ತರದವರನ್ನು ಹಿಂದೆ ನಿಲ್ಲಿಸುತ್ತೇವಲ್ಲ, ಹಾಗೆ. ಯಾರ ಮುಖವೂ ಮರೆಯಾಗಬಾರದು. ಒಂದೊಂದು ಖಾನೆಯ ಅಂತರ 4 ಸೆಂ.ಮೀ. ಅದಕ್ಕಿಂತ ಹೆಚ್ಚು ಬೇಡ. ಖಾನೆ ದೊಡ್ಡದಾದಷ್ಟೂ ಸೋಮಾರಿತನಕ್ಕೆ ಜಾಗವಾಗುತ್ತದೆ. ಮುಂದಿನ, ಹಿಂದಿನ ಹಾಗೂ ಪಕ್ಕದ ಹಲಗೆಗಳು 12 ಮಿ.ಮೀ. ದಪ್ಪ, ನಡುವಿನ ತಡಿಕೆಗಳು 6 ಮಿ.ಮೀ. ಪ್ಲೈವುಡ್. ಲೆಕ್ಕ ಹಾಕಿದರೆ ಗೂಡಿನ ಆಳ ಸುಮಾರು 25 ಸೆಂ.ಮೀ. ಆಗುತ್ತದೆ. ಮೊಮ್ಮಗನಿಂದಲೇ ಈ ಲೆಕ್ಕ ಮಾಡಿಸಿದೆ. ಮೊದಲ ಸಲ ಹಲಗೆಗಳ ದಪ್ಪವನ್ನು ಕೂಡಿಸಲು ಮರೆತು 20 ಎಂದ. ಎಲ್ಲರೂ ಮರೆಯುತ್ತಾರೆ.

ಮರಕ್ಕೆ ಬರವಿರಲಿಲ್ಲ. ಹಿತ್ತಲಿನ ಹಲಸಿನ ಮರವೊಂದು ಕೆಲವು ವರ್ಷಗಳ ಹಿಂದೆ ಗಾಳಿಗೆ ಬಿದ್ದಾಗ ಕೊಯ್ಯಿಸಿಟ್ಟಿದ್ದ ಹಲಗೆಗಳು ಅಟ್ಟದ ಮೇಲಿದ್ದವು. ಚೆನ್ನಾಗಿ ಒಣಗಿದ ಹಲಸು ಸುಲಭವಾಗಿ ಬಾಗುವುದಿಲ್ಲ, ಗೆದ್ದಲಿಗೂ ಬೇಗ ಬಲಿಯಾಗುವುದಿಲ್ಲ. ಕೊಯ್ದಾಗ ಅರಿಶಿನದಂತಿದ್ದು ವರ್ಷ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಪೇಟೆಯಲ್ಲಿರುವವರು ಸಿಲ್ವರ್ ಓಕನ್ನೋ ಬರಿಯ ಪ್ಲೈವುಡ್ಡನ್ನೋ ಬಳಸಬಹುದು. ಗರಗಸ, ಉಳಿ, ಮೂಲೆಮಟ್ಟ, ಸುತ್ತಿಗೆ ಇಷ್ಟಿದ್ದರೆ ಸಾಕು.

ಪಕ್ಕದ ಹಲಗೆಗಳೆರಡನ್ನೂ ಮುಂದೆ 10, ಹಿಂದೆ 30 ಸೆಂ.ಮೀ. ಬರುವಂತೆ ಓರೆಯಾಗಿ ಕೊಯ್ಯಬೇಕು. ಅವೆರಡನ್ನೂ ಜೋಡಿಸಿ ಹಿಡಿದು ಒಟ್ಟಿಗೇ ಗುರುತು ಹಾಕುವುದು ಕ್ಷೇಮ. ಬೇರೆ ಬೇರೆ ಗುರುತು ಹಾಕಿದರೆ ಒಂದು ಕೂದಲೆಳೆಯ ವ್ಯತ್ಯಾಸವೂ ತಡಿಕೆಯನ್ನು ಸೊಟ್ಟಗೆ ನಿಲ್ಲಿಸುತ್ತದೆ. ತಡಿಕೆ ಕೂರುವ ಕಡೆ 6 ಮಿ.ಮೀ. ಅಗಲ, 5 ಮಿ.ಮೀ. ಆಳದ ಕಾಲುವೆ ಬೇಕು. ಗರಗಸದಿಂದ ಎರಡು ಗೆರೆ ಕೊಯ್ದು ನಡುವಿನ ಮರವನ್ನು ಉಳಿಯಿಂದ ತೆಗೆಯಬೇಕು. ಇದು ಕಷ್ಟವೆನಿಸಿದವರು ತೆಳುವಾದ ಮರದ ಪಟ್ಟಿಗಳನ್ನು 6 ಮಿ.ಮೀ. ಅಂತರಕ್ಕಿಂತ ತುಸು ಹೆಚ್ಚು ಬಿಟ್ಟು ಎರಡು ಬದಿಗೆ ಅಂಟಿಸಿದರೂ ಆದೀತು. ಆಗ ಪಟ್ಟಿಗಳ ದಪ್ಪದಷ್ಟು ಗೂಡಿನ ಅಗಲವನ್ನು ಹೆಚ್ಚಿಸಬೇಕು.

ನಾನು ಇಲ್ಲಿಯೇ ಎಡವಿದೆ. ತಡಿಕೆಗಳು ಅಲುಗಾಡಬಾರದೆಂದು ಬಿಗಿಯಾಗಿ ಕೂರಿಸಲು ಹೊರಟಿದ್ದೆ. ನಮ್ಮ ಮನೆಯ ಕೆಲಸಕ್ಕೆ ಬರುವ ಆಚಾರ್ರು ಅಷ್ಟರಲ್ಲಿ ಬಂದವರು ನೋಡಿ, “ಮೇಷ್ಟ್ರೇ, ಈಗ ಬಿಗಿಯಾಗಿ ಕೂರಿಸಿದ್ರೆ ಆಷಾಢದಲ್ಲಿ ಹಲಗೆ ಉಬ್ಬಿ ಮೂಲೆ ಬಿಟ್ಕೊಳ್ತದೆ. ಮರಕ್ಕೆ ಉಸಿರಾಡೋಕೆ ಜಾಗ ಬಿಡಿ” ಎಂದರು. ಮರ ಮಳೆಗಾಲದ ತೇವವನ್ನು ಹೀರಿ ಅಡ್ಡಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಆದ್ದರಿಂದ ತಡಿಕೆಗಳಿಗೆ ಅಂಟು ಹಾಕದೆ, ಒಂದೆರಡು ಮಿ.ಮೀ. ಸಡಿಲವಾಗಿ, ಮೇಲಿನಿಂದ ಜಾರಿಸಿ ಇಳಿಸುವಂತೆ ಮಾಡಿದೆವು. ಶುಚಿಗೊಳಿಸಲು ಎತ್ತಿ ತೆಗೆಯಲೂ ಬರುತ್ತದೆ. ಶ್ರೀಮತಿಯ ಧೂಳಿನ ಆಕ್ಷೇಪಣೆಗೆ ಇದರಿಂದ ಅರ್ಧ ಉತ್ತರ ಸಿಕ್ಕಿತು.

ಉಪ್ಪುಕಾಗದವನ್ನು ಮೊದಲು 80, ಆಮೇಲೆ 120, ಕೊನೆಗೆ 220ನೆಯ ನಂಬರಿನದು ಬಳಸಿ, ಮರದ ಎಳೆ ಹರಿದ ದಿಕ್ಕಿನಲ್ಲಿಯೇ ಉಜ್ಜಬೇಕು. ಮೇಲೆ ಅಗಸೆ ಎಣ್ಣೆ ಸವರಿದೆವು. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುವ ಅಪಾಯವಿದೆ. ಹೊರಗೆ ಹರಡಿ ಒಣಗಿಸಬೇಕು. ಎಣ್ಣೆ ಪೂರ್ತಿ ಒಣಗುವವರೆಗೆ ಕಾಗದವನ್ನೂ ಇಡಬಾರದು.

ಖಾನೆಗಳ ಮೇಲೆ ಏನು ಬರೆಯಬೇಕು? ಹೆಚ್ಚಿನವರು ಮನೆಯವರ ಹೆಸರು ಬರೆಯುತ್ತಾರೆ. ಅಪ್ಪನ ಖಾನೆ, ಅಮ್ಮನ ಖಾನೆ, ಮಗನ ಖಾನೆ. ನಾನು ಅದನ್ನು ಒಪ್ಪುವುದಿಲ್ಲ. ಹೆಸರಿನ ಖಾನೆ ಆ ವ್ಯಕ್ತಿಯ ಪಾಲಿಗೆ ಇನ್ನೊಂದು ‘ಇತರೆ’ ತಟ್ಟೆಯಾಗುತ್ತದೆ. ಕಾಗದಕ್ಕೆ ಏನಾಗಬೇಕು ಎಂಬುದನ್ನು ಖಾನೆ ಹೇಳಬೇಕು. ನಮ್ಮ ಗೂಡಿನಲ್ಲಿ ಮೊದಲನೆಯದು ‘ಇಂದು ಬಂದದ್ದು’. ರಾತ್ರಿ ಮಲಗುವ ಮೊದಲು ಅದು ಬರಿದಾಗಬೇಕು. ಎರಡನೆಯದು ‘ಗಡುವು ಉಳ್ಳದ್ದು’. ಲಕೋಟೆಯ ಮೇಲೆ ಕೆಂಪು ಶಾಯಿಯಲ್ಲಿ ಕೊನೆಯ ದಿನಾಂಕ ಬರೆದೇ ಅಲ್ಲಿಗೆ ಹಾಕಬೇಕು. ಮೂರನೆಯದು ‘ಹಣ ಕಟ್ಟಬೇಕಾದದ್ದು’. ನಾಲ್ಕನೆಯದು ‘ಹೊರಡಬೇಕಾದದ್ದು’. ಐದನೆಯದು, ಎಲ್ಲಕ್ಕಿಂತ ಹಿಂದಿನ ಎತ್ತರದ ಖಾನೆ, ‘ಪರರದ್ದು’. ಕೆಲಸ ಮುಗಿದು ಕಾಯ್ದಿಡಬೇಕಾದ ದಾಖಲೆಗಳು ಗೂಡಿನಲ್ಲಿ ಇರಕೂಡದು. ಅವು ಬೀರುವಿಗೆ ಹೋಗಬೇಕು. ಗೂಡು ತಂಗುದಾಣವೇ ಹೊರತು ಮನೆಯಲ್ಲ.

‘ಪರರದ್ದು’ ಖಾನೆ ಏಕೆಂದು ಮೊಮ್ಮಗ ಕೇಳಿದ. ತಪ್ಪಿ ನಮ್ಮಲ್ಲಿಗೆ ಬಂದ ಪಕ್ಕದ ಮನೆಯ ಲಕೋಟೆ, ನಮ್ಮ ವಿಳಾಸ ಕೊಟ್ಟು ಅರ್ಜಿ ಹಾಕಿದ ಕೆಲಸದವಳ ಮಗಳ ಕಾಗದ, ಊರು ಬಿಟ್ಟವರ ಹೆಸರಿಗೆ ಬರುವ ಬ್ಯಾಂಕಿನ ಪತ್ರ ಇವೆಲ್ಲ ಎಲ್ಲಿಗೆ ಹೋಗಬೇಕು? ಅವನ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇಂತಹವು ಕಾವಲುಗಾರರ ಮೇಜಿನ ಕೆಳಗಿನ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬಿದ್ದಿರುವುದನ್ನು ನಾನೇ ಕಂಡಿದ್ದೇನೆ. ನಮ್ಮ ಕಾಗದ ಕಳೆದರೆ ನಷ್ಟ ನಮ್ಮದು, ನಾವು ಹುಡುಕುತ್ತೇವೆ. ಪರರ ಕಾಗದ ನಮ್ಮ ಕೈಯಲ್ಲಿ ಕಳೆದರೆ, ಅದು ಬಂದಿತ್ತೆಂಬುದೂ ಅವರಿಗೆ ತಿಳಿಯುವುದಿಲ್ಲ. ಅವರು ಅಂಚೆಯವರನ್ನು ಬೈಯುತ್ತಾರೆ. ಅದಕ್ಕಾಗಿಯೇ ಆ ಖಾನೆ ಎಲ್ಲಕ್ಕಿಂತ ಎತ್ತರದಲ್ಲಿದೆ.

ಕೊನೆಯಲ್ಲಿ ಮೇಷ್ಟ್ರ ಒಂದು ಹಳೆಯ ರಾಗ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕವೇ ಶಿಕ್ಷಣ ಎಂಬ ವಿಚಾರವನ್ನು ಮುಂದಿಟ್ಟರು. 1964-66ರ ಕೊಠಾರಿ ಆಯೋಗ ಅದನ್ನೇ ‘ಕಾರ್ಯಾನುಭವ’ ಎಂದು ಕರೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲ ಬಿಟ್ಟು ಬಡಗಿ, ಕುಂಬಾರ, ತೋಟಗಾರರಂಥವರ ಬಳಿ ಕಲಿಯಲಿ ಎಂದು ಬರೆದಿದೆ. ವರದಿಗಳಿಗೆ ಕೊರತೆಯಿಲ್ಲ. ನಾನು ಕಂಡಂತೆ ಕ್ರಾಫ್ಟ್ ಪೀರಿಯಡ್ಡನ್ನು ಗಣಿತದವರೂ ಇಂಗ್ಲಿಷಿನವರೂ ಹಂಚಿಕೊಳ್ಳುತ್ತಿದ್ದರು. ನಾನೂ ಹಂಚಿಕೊಂಡವನೇ. ಆದರೆ ಮೊಮ್ಮಗ ಆ ನಾಲ್ಕು ದಿನಗಳಲ್ಲಿ ಕಲಿತದ್ದನ್ನು ನಾನು ಕಪ್ಪುಹಲಗೆಯ ಮೇಲೆ ನಾಲ್ಕು ತಿಂಗಳಲ್ಲಿಯೂ ಕಲಿಸಲಾರೆ. ದಪ್ಪವನ್ನು ಕೂಡಿಸಲು ಮರೆತರೆ ಗೂಡು ಕೂರುವುದಿಲ್ಲ ಎಂಬುದನ್ನು ಮರವೇ ಅವನಿಗೆ ಹೇಳಿತು. ಮರ ಬೈಯುವುದಿಲ್ಲ, ಅಂಕ ಕಡಿಮೆ ಮಾಡುವುದಿಲ್ಲ, ಸುಳ್ಳನ್ನೂ ಹೇಳುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಮುಂದಿನ ರಜೆಯಲ್ಲಿ ನಿಮ್ಮ ಮಕ್ಕಳನ್ನು ಕೂಡಿಸಿಕೊಂಡು ಇಂತಹದೊಂದು ಗೂಡನ್ನು ಮಾಡಿ, ಬಾಗಿಲ ಬಳಿ ಇಡಿ. ಮೂಲೆ ಸೊಟ್ಟಗಾದರೂ ಚಿಂತೆಯಿಲ್ಲ, ನಮ್ಮದೂ ಸ್ವಲ್ಪ ಎಡಕ್ಕೆ ವಾಲಿದೆ. ಪ್ರತಿ ಭಾನುವಾರ ಒಮ್ಮೆ ಎಲ್ಲ ಖಾನೆಗಳನ್ನೂ ಕೈಯಾಡಿಸಿ ನೋಡಿ. ಖಾನೆಗಳಿಗೆ ನಿಮಗೆ ಬೇಕಾದ ಹೆಸರುಗಳನ್ನೇ ಬರೆದುಕೊಳ್ಳಿ. ‘ಇತರೆ’ ಎಂದು ಮಾತ್ರ ಬರೆಯಬೇಡಿ.

1991ರ ಆ ಲಕೋಟೆ ಇಂದಿಗೂ ನನ್ನ ಬಳಿ ಇದೆ. ಗೂಡು ಸಿದ್ಧವಾದ ದಿನ ಅದನ್ನು ಬೀರುವಿನಿಂದ ತೆಗೆದು ಮೊಮ್ಮಗನಿಗೆ ತೋರಿಸಿ, ಕಥೆಯನ್ನೆಲ್ಲ ಹೇಳಿದೆ. ಅವನು ಹಿಂಬದಿಯ ಮೊಹರನ್ನು ಬೆಳಕಿಗೆ ಹಿಡಿದು ದಿನಾಂಕ ಓದಿದ. “ಅಂಚೆಯವರ ಮನೆಯಲ್ಲಿ ಈಗ ಯಾರಿದ್ದಾರೆ ಅಜ್ಜ?” ಎಂದು ಕೇಳಿದ. ಅವರ ಮಗ ಪಕ್ಕದ ಊರಿನಲ್ಲಿದ್ದಾರೆ ಎಂದೆ. “ಹಾಗಾದರೆ ಅವರಿಗೆ ಒಂದು ಕಾಗದ ಬರೆಯಬಹುದಲ್ಲ” ಎಂದ.

ಇಷ್ಟು ವರ್ಷ ನನಗೆ ಹೊಳೆಯದ ಮಾತು ಅದು. ಮೊನ್ನೆ ಬರೆದೆ. ಒಂದು ಹಾಳೆ, ಎರಡು ಮಗ್ಗುಲು. ರಾತ್ರಿ ಅದನ್ನು ನಾಲ್ಕನೆಯ ಖಾನೆಯಲ್ಲಿಟ್ಟು, ಬೆಳಿಗ್ಗೆ ನಾನೇ ನಡೆದುಹೋಗಿ ಅಂಚೆ ಡಬ್ಬಿಗೆ ಹಾಕಿ ಬಂದೆ.

ಇಂತಿ,
ನಿಮ್ಮ ಮೇಷ್ಟ್ರು